ಲೆನ್ಸ್ ಹಾಕಿಕೊಂಡೇ ನಿದ್ದೆ ಹೋದರೆ ಏನಾಗುತ್ತದೆ, ಎದ್ದ ಮೇಲೆ ಏನು ಮಾಡಬೇಕು

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಹೇಳಬೇಕಾದ ಮಾತುಗಳಲ್ಲಿ ಎಲ್ಲಕ್ಕಿಂತ ಮೊದಲನೆಯದು ಇದು. ಲೆನ್ಸ್ ಕಣ್ಣಲ್ಲಿ ಇಟ್ಟುಕೊಂಡು ಮಲಗಬೇಡಿ. ರಾತ್ರಿ ಪೂರ್ತಿ ನಿದ್ದೆ ಮಾತ್ರ ಅಂತಲ್ಲ, ಮಧ್ಯಾಹ್ನ ಊಟ ಮುಗಿಸಿ ಸುಮ್ನೆ ಒಂದು ಗಳಿಗೆ ಅಡ್ಡಾಗುವುದಿದ್ದರೂ ತೆಗೆದಿಟ್ಟೇ ಮಲಗಿ.

ನಾನು ದಾವಣಗೆರೆಯ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಕಣ್ಣಿನ ನಂಬರ್ ನೋಡುವುದು, ಹೊಸಬರಿಗೆ ಲೆನ್ಸ್ ಹಾಕುವುದು, ತೆಗೆಯುವುದು ಕಲಿಸುವುದು ನನ್ನ ಪಾಲಿನ ಕೆಲಸ. ಲೆನ್ಸ್ ಒಳ್ಳೆಯ ವಸ್ತು. ಸರಿಯಾಗಿ ಬಳಸಿದರೆ ವರ್ಷಗಟ್ಟಲೆ ತೊಂದರೆ ಕೊಡುವುದಿಲ್ಲ. ಆದರೆ ಕೆಂಪು ಕಣ್ಣು ಹೊತ್ತುಕೊಂಡು ಬರುವವರನ್ನು ಕೂರಿಸಿ ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ ಮಾತು: "ಹಾಗೇ ನಿದ್ದೆ ಬಂದುಬಿಡ್ತು ಮೇಡಂ." ಹಾಸ್ಟೆಲ್‌ನಲ್ಲಿ ಪರೀಕ್ಷೆಗೆ ಓದುತ್ತಾ ಪುಸ್ತಕದ ಮೇಲೇ ತಲೆ ಇಟ್ಟವರು, ನೈಟ್ ಡ್ಯೂಟಿ ಮುಗಿಸಿ ಬಂದ ನರ್ಸ್‌ಗಳು, ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ ಬಂದವರು, ಮದುವೆ ಮನೆಯಿಂದ ಸುಸ್ತಾಗಿ ಬಂದವರು. ಬೇಕಂತ ಮಾಡಿದವರು ಕಡಿಮೆ. ಹಿಂದೊಮ್ಮೆ ಹೀಗೇ ಮಲಗಿದ್ದೆ, ಏನೂ ಆಗಲಿಲ್ಲ ಅನ್ನುವ ಧೈರ್ಯ ಮಾತ್ರ ಎಲ್ಲರಲ್ಲೂ ಇರುತ್ತದೆ. ಆ ಧೈರ್ಯವೇ ನನಗೆ ಭಯ ಹುಟ್ಟಿಸುವುದು.

ರೆಪ್ಪೆ ಮುಚ್ಚಿದ ಮೇಲೆ ಒಳಗೆ ನಡೆಯುವುದು

ಕರಿಗುಡ್ಡೆಯ ಮುಂದೆ ತಿಳಿಯಾದ ಒಂದು ಪದರ ಇದೆ. ಅದೇ ಕಾರ್ನಿಯಾ. ದಪ್ಪ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಬೆಳಕು ಸಲೀಸಾಗಿ ಒಳಗೆ ಹೋಗಬೇಕಲ್ಲ, ಅದಕ್ಕೇ ಅದರಲ್ಲಿ ರಕ್ತನಾಳಗಳೇ ಇಲ್ಲ. ಹಾಗಾದರೆ ಅದಕ್ಕೆ ಆಮ್ಲಜನಕ ಎಲ್ಲಿಂದ? ಬಹುಪಾಲು ಹೊರಗಿನ ಗಾಳಿಯಿಂದ, ಕಣ್ಣೀರಿನಲ್ಲಿ ಕರಗಿ ಬರುತ್ತದೆ. ಗಾಳಿಯಲ್ಲಿ ಶೇ. 21ರಷ್ಟು ಆಮ್ಲಜನಕ ಇರುತ್ತದೆ. ಕಣ್ಣು ಮುಚ್ಚಿದಾಗ ರೆಪ್ಪೆಯ ಒಳಗಿನ ನಾಳಗಳಿಂದ ಸಿಗುವುದು ಶೇ. 8ರ ಆಸುಪಾಸಿಗೆ ಇಳಿಯುತ್ತದೆ. ಲೆನ್ಸ್ ಇಲ್ಲದೆ ಮಲಗಿದರೂ ಬೆಳಗಿನ ಹೊತ್ತಿಗೆ ಕಾರ್ನಿಯಾ ಶೇ. 3-4ರಷ್ಟು ಊದಿಕೊಂಡಿರುತ್ತದೆ, ಎದ್ದು ಕಣ್ಣು ಬಿಟ್ಟ ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ. ಈಗ ಆ ಮುಚ್ಚಿದ ರೆಪ್ಪೆಯ ಕೆಳಗೆ ಒಂದು ಲೆನ್ಸ್ ಕೂಡ ಇದೆ ಅಂದುಕೊಳ್ಳಿ. ಬರುವ ಅಷ್ಟಿಷ್ಟು ಆಮ್ಲಜನಕಕ್ಕೂ ಅದು ಅಡ್ಡ. ಹಳೇ ಮಾದರಿಯ ಸಾಫ್ಟ್ ಲೆನ್ಸ್ ಆದರೆ ಊತ ಶೇ. 10 ದಾಟುವುದುಂಟು.

ಊದಿದ್ದು ಇಳಿಯುತ್ತದೆ, ಅದರಲ್ಲೇನು ಅನ್ನಬಹುದು. ತೊಂದರೆ ಇರುವುದು ಇನ್ನೊಂದು ಕಡೆ. ಎಚ್ಚರ ಇದ್ದಾಗ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಒಂದೊಂದು ಸಲವೂ ಹೊಸ ಕಣ್ಣೀರು ಬಂದು ಧೂಳು, ಕ್ರಿಮಿ ಎಲ್ಲ ತೊಳೆದುಕೊಂಡು ಹೋಗುತ್ತದೆ. ಆ ಕಣ್ಣೀರಲ್ಲಿ ಕ್ರಿಮಿ ಕೊಲ್ಲುವ ಅಂಶವೂ ಇದೆ. ನಿದ್ದೆಯಲ್ಲಿ ಈ ತೊಳೆಯುವ ಕೆಲಸ ನಿಂತುಹೋಗುತ್ತದೆ. ಲೆನ್ಸಿನ ಕೆಳಗೆ ನಿಂತ ನೀರು ಅಲ್ಲೇ ನಿಂತಿರುತ್ತದೆ, ಬೆಚ್ಚಗೆ, ಒದ್ದೆಯಾಗಿ. ನಿಮ್ಮ ಬೆರಳಿನಿಂದಲೋ ಡಬ್ಬಿಯಿಂದಲೋ ಲೆನ್ಸಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗೆ ಅಷ್ಟು ಸಾಕು. ಆಮ್ಲಜನಕ ಸಾಲದೆ ಮೇಲಿನ ಪದರ ಸಡಿಲವಾಗಿರುತ್ತದೆ, ಒಂದು ಸಣ್ಣ ಗೀರು ಇದ್ದರೆ ಅಲ್ಲಿಂದ ಒಳಗೆ ಇಳಿಯುತ್ತವೆ. ಆಗುವುದು ಕಾರ್ನಿಯಾದ ಹುಣ್ಣು. ಲೆನ್ಸ್ ಹಾಕುವವರಲ್ಲಿ ಹೆಚ್ಚಾಗಿ ಕಾಣುವ ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಎಷ್ಟು ಜೋರು ಅಂದರೆ, ಚಿಕಿತ್ಸೆ ಸಿಗದೆ ಹೋದರೆ ಒಂದೆರಡು ದಿನದಲ್ಲೇ ಕಾರ್ನಿಯಾವನ್ನು ಕರಗಿಸಿಬಿಡಬಲ್ಲದು. ಹುಣ್ಣು ವಾಸಿಯಾದರೂ ಬಿಳಿ ಕಲೆ ಉಳಿಯುತ್ತದೆ. ನಮ್ಮ ಕಡೆ ಹಳಬರು ಕಣ್ಣಿಗೆ ಹೂವು ಬಿದ್ದಿದೆ ಅನ್ನುತ್ತಾರಲ್ಲ, ಅಂಥದ್ದು. ಅದು ನಟ್ಟನಡುವೆ ಉಳಿದರೆ ಎಂಥ ಕನ್ನಡಕ ಕೊಟ್ಟರೂ ಸರಿಯಾಗಿ ಕಾಣುವುದಿಲ್ಲ, ಕೆಲವರಿಗೆ ಕಾರ್ನಿಯಾ ಕಸಿಯೇ ಮಾಡಬೇಕಾಗುತ್ತದೆ.

ಲೆನ್ಸ್ ಹಾಕಿಕೊಂಡು ಮಲಗುವವರಲ್ಲಿ ಈ ಸೋಂಕಿನ ಅಪಾಯ 6ರಿಂದ 8 ಪಟ್ಟು ಜಾಸ್ತಿ. ಇದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವ ಲೆಕ್ಕ, ಅದು ಎಲ್ಲ ಬಗೆಯ ಲೆನ್ಸಿಗೂ ಅನ್ವಯಿಸುತ್ತದೆ.

ನಮ್ಮ ಊರುಗಳ ಮಟ್ಟಿಗೆ ಇನ್ನೊಂದು ಮಾತು ಸೇರಿಸಬೇಕು. ದಾವಣಗೆರೆ ಸುತ್ತ ಭದ್ರಾ ನಾಲೆಯ ಭತ್ತ, ಮೆಕ್ಕೆಜೋಳ. ಚಿತ್ರದುರ್ಗದ ಕಡೆ ಶೇಂಗಾ, ಗಾಳಿ, ಒಣ ಧೂಳು. ಒಕ್ಕಲು ಮಾಡುವ ಕಾಲದಲ್ಲಿ ಹೊಲದ ಪಕ್ಕ ಬೈಕಿನಲ್ಲಿ ಹೋದರೂ ಕಣ್ಣಿಗೆ ಹೊಟ್ಟು ಬೀಳುತ್ತದೆ. ಬೆಳೆ ಮತ್ತು ಮಣ್ಣಿನ ಜೊತೆ ಬರುವುದು ಫಂಗಸ್. ಕಾರ್ನಿಯಾಗೆ ಫಂಗಸ್ ತಗುಲುವುದು ನಮ್ಮ ದೇಶದಲ್ಲಿ ಅಪರೂಪದ ಸಂಗತಿಯೇನಲ್ಲ, ಅದು ಬ್ಯಾಕ್ಟೀರಿಯಾದಷ್ಟು ಬೇಗ ಔಷಧಕ್ಕೆ ಬಗ್ಗುವುದೂ ಇಲ್ಲ. ಹೊಲ, ಕಣ, ರೈಸ್ ಮಿಲ್ಲಿನಲ್ಲಿ ಕೆಲಸ ಇದ್ದ ದಿನ ಲೆನ್ಸ್ ಬಿಟ್ಟು ಕನ್ನಡಕ ಹಾಕಿ.

"ರಾತ್ರಿನೂ ಹಾಕಬಹುದು ಅಂತ ಬರೆದಿದೆಯಲ್ಲ?"

ಈ ಪ್ರಶ್ನೆ ಸರಿಯಾದದ್ದೇ. ಕೆಲವು ಲೆನ್ಸ್‌ಗಳಿಗೆ ರಾತ್ರಿಯೂ ಹಾಕಿಕೊಂಡಿರಬಹುದು ಅನ್ನುವ ಅನುಮತಿ ಇದೆ. ಆದರೆ ಅದರ ಹಿಂದಿನ ಕಥೆ ಕೇಳಿ. 1981ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 30 ದಿನ ತೆಗೆಯದೆ ಹಾಕುವ ಸಾಫ್ಟ್ ಲೆನ್ಸ್‌ಗೆ ಒಪ್ಪಿಗೆ ಕೊಟ್ಟಿತು. ಕಣ್ಣಿನ ಹುಣ್ಣಿನ ಪ್ರಕರಣಗಳು ಬರತೊಡಗಿದವು. 1989ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ, ಹಗಲು ಮಾತ್ರ ಹಾಕುವ ಬಗೆಯವರಲ್ಲಿ ವರ್ಷಕ್ಕೆ 10,000 ಜನರಿಗೆ ಸುಮಾರು 4 ಹುಣ್ಣು, ರಾತ್ರಿಯೂ ಇಡುವ ಬಗೆಯವರಲ್ಲಿ ಸುಮಾರು 21 ಕಂಡುಬಂತು. ಅದೇ ವರ್ಷ ಆ 30 ದಿನವನ್ನು 7 ದಿನಕ್ಕೆ ಇಳಿಸಿದರು. ಆಮೇಲೆ ಸಿಲಿಕೋನ್ ಹೈಡ್ರೋಜೆಲ್ ಅನ್ನುವ ಹೊಸ ಬಗೆಯ ಸಾಫ್ಟ್ ಲೆನ್ಸ್ ಬಂತು, ಅದರಲ್ಲಿ ಆಮ್ಲಜನಕ ಚೆನ್ನಾಗಿ ಹಾಯುತ್ತದೆ. ಊತ ಕಡಿಮೆಯಾಯಿತು. ರಾತ್ರಿ ಹಾಕುವವರ ಸೋಂಕು ಮಾತ್ರ ನಿರೀಕ್ಷಿಸಿದಂತೆ ಕಡಿಮೆಯಾಗಲಿಲ್ಲ. ಅಂದರೆ ಅನುಮತಿ ಇದೆ ಅನ್ನುವುದು ಒಂದು, ಅಪಾಯ ಇಲ್ಲ ಅನ್ನುವುದು ಇನ್ನೊಂದು.

ಡಾಕ್ಟರ್ ನೋಡಿ, ಕಾರಣ ಹೇಳಿ, ರಾತ್ರಿಯೂ ಇರಲಿ ಅಂದಿದ್ದರೆ ಅದು ಬೇರೆ ವಿಷಯ. ನಂಬರ್ ಕಡಿಮೆ ಮಾಡಲು ರಾತ್ರಿ ಮಾತ್ರ ಹಾಕುವ ಆರ್ಥೋ-ಕೆ ಲೆನ್ಸ್ ಕೂಡ ಇದೆ, ಅದಕ್ಕೆ ಅದರದೇ ಅಳತೆ, ಅದರದೇ ತಪಾಸಣೆ. ನಿಮ್ಮ ಡಬ್ಬದ ಮೇಲೆ ತಿಂಗಳ ಲೆನ್ಸ್ ಅಂತ ಇದ್ದರೆ, ತೆರೆದ ದಿನದಿಂದ ಒಂದು ತಿಂಗಳು ಹಗಲು ಹಾಕಬಹುದು ಅಂತ ತಿಳಿಯಿರಿ. ತಿಂಗಳಿಡೀ ಕಣ್ಣಲ್ಲಿ ಬಿಡಬಹುದು ಅಂತ ಅರ್ಥ ಮಾಡಿಕೊಂಡವರನ್ನು ನಾನು ನೋಡಿದ್ದೇನೆ.

ಮಲಗಿಬಿಟ್ಟಿದ್ದೀರಿ, ಈಗ ಎದ್ದಿದ್ದೀರಿ

ಗಾಬರಿ ಬೇಡ. ಮೊದಲ ಕೆಲಸ, ಕಣ್ಣು ಉಜ್ಜಬೇಡಿ. ಎರಡನೆಯದು, ಲೆನ್ಸನ್ನು ತಕ್ಷಣ ಕೀಳಲು ಹೋಗಬೇಡಿ. ರಾತ್ರಿಯೆಲ್ಲ ಒಣಗಿದ ಲೆನ್ಸ್ ಕಾರ್ನಿಯಾಗೆ ಬಿಗಿಯಾಗಿ ಕೂತಿರುತ್ತದೆ. ಅದನ್ನು ಎಳೆದರೆ ಗಾಯಕ್ಕೆ ಅಂಟಿದ ಪಟ್ಟಿ ಕಿತ್ತ ಹಾಗೆ ಮೇಲಿನ ಪದರವೂ ಜೊತೆಗೆ ಬರಬಹುದು.

ಸೋಪು ಹಾಕಿ ಕೈ ತೊಳೆಯಿರಿ. ನೂಲು ಬಿಡದ ಒಣ ಬಟ್ಟೆಯಲ್ಲಿ ಒರೆಸಿ, ಬೆರಳು ಪೂರ್ತಿ ಒಣಗಲಿ. ಲೆನ್ಸ್ ಹಾಕಿದ್ದಾಗಲೂ ಬಿಡಬಹುದಾದ ತೇವದ ಹನಿ ಸಿಗುತ್ತದೆ, ರೀವೆಟ್ಟಿಂಗ್ ಡ್ರಾಪ್ಸ್ ಅನ್ನುತ್ತಾರೆ. ಎರಡು ಮೂರು ಹನಿ ಬಿಟ್ಟು ಕಣ್ಣು ಮುಚ್ಚಿಕೊಂಡು ಕೂತುಕೊಳ್ಳಿ. ಸ್ವಲ್ಪ ಹೊತ್ತು ಬಿಟ್ಟು ನಿಧಾನಕ್ಕೆ ರೆಪ್ಪೆ ಬಡಿಯಿರಿ. ಈಗ ಕನ್ನಡಿ ಮುಂದೆ ಮೇಲಕ್ಕೆ ನೋಡುತ್ತಾ, ತೋರುಬೆರಳಿನ ತುದಿಯಿಂದ ಲೆನ್ಸಿನ ಕೆಳಗಿನ ಅಂಚನ್ನು ಮೆಲ್ಲಗೆ ಮುಟ್ಟಿ ಕೆಳಕ್ಕೆ ಜಾರಿಸಿ ನೋಡಿ. ಉಗುರು ತಾಗಬಾರದು. ಜಾರಿದರೆ ಗೆದ್ದಿರಿ. ಅದು ಬಿಳಿಗುಡ್ಡೆಯ ಮೇಲೆ ಬಂದ ಮೇಲೆ ಹೆಬ್ಬೆರಳು ಮತ್ತು ತೋರುಬೆರಳಿನ ಮೆತ್ತನೆಯ ಭಾಗದಲ್ಲಿ ಹಿಡಿದು ತೆಗೆಯಿರಿ. ಜಾರದೇ ಇದ್ದರೆ ಮತ್ತೆ ಹನಿ ಬಿಡಿ, ಹತ್ತು ನಿಮಿಷ ಕಾಯಿರಿ, ಮತ್ತೆ ನೋಡಿ. ಆಗಲೂ ಬರದಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಅವರಿಗೆ ಅದು ಸಣ್ಣ ಕೆಲಸ.

ನಲ್ಲಿ ನೀರು, ಬೋರ್ ನೀರು, ಕ್ಯಾನ್ ನೀರು, ಎಂಜಲು ಯಾವುದೂ ಬೇಡ. ನೀರಿನಲ್ಲಿ ಅಕಾಂತಮೀಬಾ ಅನ್ನುವ ಒಂದು ಸೂಕ್ಷ್ಮಜೀವಿ ಇರಬಹುದು. ಅದು ಕಾರ್ನಿಯಾಗೆ ತಗುಲಿದರೆ ತಡೆಯಲಾರದ ನೋವು, ತಿಂಗಳುಗಟ್ಟಲೆ ಚಿಕಿತ್ಸೆ. ಲೆನ್ಸ್ ಹಾಕಿಕೊಂಡು ತಲೆಗೆ ಸ್ನಾನ ಮಾಡುವುದು, ಈಜುವುದು ಕೂಡ ಇದೇ ಕಾರಣಕ್ಕೆ ಬೇಡ.

"ಲೆನ್ಸ್ ಕಾಣ್ತಾ ಇಲ್ಲ, ಹಿಂದೆ ಹೋಗಿರಬೇಕು" ಅಂತ ಅಳುತ್ತಾ ಬರುವವರಿದ್ದಾರೆ. ಕಣ್ಣಿನ ಹಿಂದಕ್ಕೆ ಅದು ಹೋಗುವುದಿಲ್ಲ. ರೆಪ್ಪೆಯ ಒಳಪದರ ಬಿಳಿಗುಡ್ಡೆಗೆ ಕೂಡಿಕೊಂಡಿರುವುದರಿಂದ ಅಲ್ಲಿ ದಾರಿಯೇ ಇಲ್ಲ. ಮಡಚಿಕೊಂಡು ಮೇಲಿನ ರೆಪ್ಪೆ ಕೆಳಗೆ ಸೇರಿರುತ್ತದೆ, ಇಲ್ಲವೇ ದಿಂಬಿನ ಮೇಲೆ ಬಿದ್ದಿರುತ್ತದೆ.

ತೆಗೆದಾಯಿತು. ಈಗ ಒಂದೊಂದೇ ಕಣ್ಣು ಮುಚ್ಚಿ, ಕನ್ನಡಕ ಹಾಕಿ ಗೋಡೆಯ ಕ್ಯಾಲೆಂಡರ್ ಓದಿ. ಎರಡೂ ಕಣ್ಣಿಗೆ ಎಂದಿನ ಹಾಗೆ ಕಾಣುತ್ತಿದೆಯಾ? ಕಿಟಕಿ ಬೆಳಕಲ್ಲಿ ಕನ್ನಡಿ ಹಿಡಿದು ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಇದೆಯಾ ನೋಡಿ. ಎಲ್ಲ ಸರಿ ಇದ್ದರೆ ಆ ದಿನ ಪೂರ್ತಿ ಕನ್ನಡಕದಲ್ಲೇ ಇರಿ. ದಿನಕ್ಕೊಂದು ಎಸೆಯುವ ದಿನದ ಲೆನ್ಸ್ ಆದರೆ ಎಸೆಯಿರಿ. ತಿಂಗಳದ್ದಾದರೂ ಎಸೆಯುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ, ಇಟ್ಟುಕೊಳ್ಳಲೇಬೇಕು ಅಂದರೆ ಲೆನ್ಸ್ ತೊಳೆಯುವ ದ್ರವ, ಅಂದರೆ ಸೊಲ್ಯೂಷನ್‌ನಲ್ಲಿ ಚೆನ್ನಾಗಿ ಉಜ್ಜಿ, ತೊಳೆದು, ಹೊಸ ಸೊಲ್ಯೂಷನ್‌ನಲ್ಲಿ ರಾತ್ರಿಯೆಲ್ಲ ನೆನೆಸಿ.

ಕಣ್ಣು ಕೆಂಪಾಗಿದ್ದರೆ, ನೋವಿದ್ದರೆ

ಇಲ್ಲಿ ಮನೆಯ ಅಂದಾಜು ನಡೆಯುವುದಿಲ್ಲ. ನೋವು, ಕೆಂಪು, ನೀರು ಸುರಿಯುವುದು, ಬೆಳಕು ನೋಡಲು ಆಗದೇ ಇರುವುದು, ಮಂಜು ಮಂಜು, ಗೀಜು, ಬಿಳಿ ಚುಕ್ಕೆ. ಇವುಗಳಲ್ಲಿ ಒಂದಿದ್ದರೂ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ನಾಳೆ ಅಲ್ಲ, ಸೋಮವಾರ ಅಲ್ಲ. ಭಾನುವಾರ ಆದರೆ ತುರ್ತು ವಿಭಾಗಕ್ಕೆ ಹೋಗಿ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆ ಇದೆ, ಬಾಪೂಜಿ ಆಸ್ಪತ್ರೆ ಇದೆ. ಚಿತ್ರದುರ್ಗದಲ್ಲಿ ಜಿಲ್ಲಾಸ್ಪತ್ರೆ ಇದೆ, ಬಸವೇಶ್ವರ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಹೋದ ಕೂಡಲೇ "ಲೆನ್ಸ್ ಹಾಕಿಕೊಂಡು ಮಲಗಿದ್ದೆ" ಅಂತ ಬಾಯಿಬಿಟ್ಟು ಹೇಳಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ, ಆ ಒಂದು ವಾಕ್ಯದಿಂದ ಅವರು ನೋಡುವ ರೀತಿ, ಕೊಡುವ ಔಷಧ ಎರಡೂ ಬದಲಾಗುತ್ತದೆ. ಲೆನ್ಸ್, ಡಬ್ಬಿ, ಸೊಲ್ಯೂಷನ್ ಬಾಟಲಿ ಎಸೆಯದೆ ಜೊತೆಗೆ ಒಯ್ಯಿರಿ. ಅದರಿಂದ ಕ್ರಿಮಿ ಬೆಳೆಸಿ ಯಾವುದು ಅಂತ ಪತ್ತೆ ಮಾಡಬಹುದು.

ನನಗೆ ಹೊಟ್ಟೆ ಉರಿಯುವ ಒಂದು ಸಂಗತಿ ಹೇಳುತ್ತೇನೆ. ಎಂಜಿನಿಯರಿಂಗ್ ಓದುವ ಹುಡುಗ, ಚಳ್ಳಕೆರೆ ಕಡೆಯವನು, ಲೆನ್ಸ್ ಹಾಕುವವನು, ತಾಯಿಯ ಜೊತೆ ಅಂಗಡಿಗೆ ಬಂದಿದ್ದ. ಕಣ್ಣು ಬಿಡಲು ಆಗುತ್ತಿರಲಿಲ್ಲ, ಟ್ಯೂಬ್‌ಲೈಟಿಗೆ ಬೆನ್ನು ಹಾಕಿ ಕೂತಿದ್ದ. "ಮದ್ರಾಸ್ ಐ ಬಂದೈತೆ ಅಂತ ಮೆಡಿಕಲ್‌ನಾಗೆ ಡ್ರಾಪ್ಸ್ ಕೊಟ್ರು ಮೇಡಂ, ಎರಡು ದಿನ ಆರಾಮಿದ್ದ, ಈಗ ಜಾಸ್ತಿ ಆಗೈತೆ" ಅಂದರು ತಾಯಿ. ರೆಪ್ಪೆ ಸ್ವಲ್ಪ ಎತ್ತಿ ನೋಡಿದೆ. ಕರಿಗುಡ್ಡೆಯ ಅಂಚಿನಲ್ಲಿ, ಎರಡು ಮಿಲಿಮೀಟರ್ ಕೂಡ ಇರದ, ಮಸುಕು ಬಿಳಿ ಚುಕ್ಕೆ. ಸುತ್ತ ರಕ್ತನಾಳಗಳೆಲ್ಲ ಅದರ ಕಡೆಗೇ ಮುಖ ಮಾಡಿದ್ದವು. ಬಾಟಲಿ ತಿರುಗಿಸಿ ಓದಿದೆ, ಡೆಕ್ಸಾಮೆಥಾಸೋನ್ ಇತ್ತು. ಸ್ಟೀರಾಯ್ಡ್. ಸ್ಟೀರಾಯ್ಡ್ ಕೆಂಪು ಇಳಿಸುತ್ತದೆ, ನೋವು ಇಳಿಸುತ್ತದೆ, ಆದರೆ ಒಳಗಿನ ಸೋಂಕು, ಅದರಲ್ಲೂ ಫಂಗಸ್ ಇದ್ದರೆ, ಅದಕ್ಕೆ ದಾರಿ ಬಿಟ್ಟುಕೊಡುತ್ತದೆ. ಆ ಎರಡು ದಿನದ ಆರಾಮು ಆ ಹುಡುಗನಿಗೆ ದುಬಾರಿಯಾಯಿತು. ಆಟೊ ಕರೆಸಿ ಅಂಗಡಿಯಿಂದ ನೇರ ಆಸ್ಪತ್ರೆಗೇ ಕಳಿಸಿದೆ.

ಹಾಗಾಗಿ ಕೈಮುಗಿದು ಕೇಳುತ್ತೇನೆ, ಲೆನ್ಸ್ ಹಾಕುವವರ ಕೆಂಪು ಕಣ್ಣಿಗೆ ಮೆಡಿಕಲ್ ಶಾಪಿನ ಡ್ರಾಪ್ಸ್ ಬೇಡ. ಮನೆಯಲ್ಲಿ ಹಿಂದಿನ ಸಲದ್ದು ಉಳಿದಿದೆ ಅಂತ ಅದನ್ನೂ ಹಾಕಬೇಡಿ. ಬಾಟಲಿ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಅಂತ ಇದ್ದರೆ ಡಾಕ್ಟರ್ ಹೇಳದೆ ಮುಟ್ಟಲೇಬೇಡಿ. ಅಜ್ಜಿ ಪ್ರೀತಿಯಿಂದ ನಂದಿಬಟ್ಟಲು ಹೂವು, ಹರಳೆಣ್ಣೆ, ಎದೆಹಾಲು ಅನ್ನಬಹುದು. ಹುಣ್ಣಾದ ಕಣ್ಣಿಗೆ ಅದ್ಯಾವುದೂ ಬೇಡ ಅಂತ ಸಮಾಧಾನವಾಗಿ ಹೇಳಿ. ಬಟ್ಟೆ ಕಟ್ಟಿ ಕಣ್ಣು ಮುಚ್ಚುವುದೂ ತಪ್ಪು, ಒಳಗೆ ಬಿಸಿ ಹೆಚ್ಚಿ ಕ್ರಿಮಿ ಬೆಳೆಯುತ್ತವೆ. ಬೆಳಕು ತಡೆಯದಿದ್ದರೆ ಕೂಲಿಂಗ್ ಗ್ಲಾಸ್ ಸಾಕು.

ಮತ್ತೆ ಹಾಗಾಗದಂತೆ

ಮೊಟ್ಟಮೊದಲು ಒಂದು ಒಳ್ಳೆಯ ಕನ್ನಡಕ ಮಾಡಿಸಿಕೊಳ್ಳಿ. ಲೆನ್ಸಿನ ಲೇಖನದಲ್ಲಿ ಕನ್ನಡಕದ ಮಾತು ಯಾಕೆ ಅನ್ನಿಸಬಹುದು. ಲೆನ್ಸ್ ತೆಗೆಯದೆ ಮಲಗುವವರ ಮನೆಯಲ್ಲಿ ಇರುವ ಕನ್ನಡಕ ನೋಡಿದ್ದೀರಾ? ನಾಲ್ಕು ವರ್ಷ ಹಿಂದಿನ ನಂಬರು, ಒಂದು ಕಡೆ ಕಡ್ಡಿ ಮುರಿದಿರುತ್ತದೆ, ಗಾಜಿನ ತುಂಬ ಗೀರು. ಲೆನ್ಸ್ ತೆಗೆದರೆ ಬಚ್ಚಲಿಗೆ ಹೋಗಲೂ ದಾರಿ ಕಾಣುವುದಿಲ್ಲ, ಅದಕ್ಕೇ ತೆಗೆಯುವುದಿಲ್ಲ. ಈಗಿನ ನಂಬರಿನ, ಸರಿಯಾಗಿ ಕೂರುವ ಕನ್ನಡಕ ಹಾಸಿಗೆ ಪಕ್ಕ ಇದ್ದರೆ ಅರ್ಧ ಕೆಲಸ ಮುಗಿಯಿತು.

ಇನ್ನು ಹೆಣ್ಣುಮಕ್ಕಳ ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಗಂಡಿನ ಕಡೆಯವರು ನೋಡಲು ಬರುತ್ತಾರೆ ಅಂದಾಗ ಕನ್ನಡಕ ತೆಗೆಸಿ ಲೆನ್ಸ್ ಹಾಕಿಸುವ ಮನೆಗಳು ನಮ್ಮಲ್ಲಿ ಈಗಲೂ ಇವೆ. ನಂಬರ್ ಇದೆ ಅಂತ ಹೇಳಿರುವುದಿಲ್ಲ. ಮದುವೆ ಆಗಿ ಹೋದ ಮೇಲೆ ಆ ಹುಡುಗಿ ಏನು ಮಾಡಬೇಕು? ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಲೆನ್ಸ್ ಹಾಕಬೇಕು, ರಾತ್ರಿ ಎಲ್ಲರೂ ಮಲಗಿದ ಮೇಲೆ ಕತ್ತಲಲ್ಲಿ ತೆಗೆಯಬೇಕು, ಕೊನೆಗೆ ಬೇಡ ಅಂತ ಹಾಗೇ ಮಲಗುತ್ತಾಳೆ, ದಿನಾ. ಅಮ್ಮಂದಿರೇ, ಅಪ್ಪಂದಿರೇ, ಮಾತುಕತೆಯ ದಿನವೇ ಹೇಳಿಬಿಡಿ. ಮಗಳ ಕಣ್ಣಿಗೆ ಮೈನಸ್ ನಾಲ್ಕು ಇದೆ, ಕನ್ನಡಕ ಹಾಕುತ್ತಾಳೆ. ಇಷ್ಟೇ ಮಾತು. ಅಷ್ಟಕ್ಕೆ ಬೇಡ ಅಂದು ಎದ್ದು ಹೋಗುವ ಮನೆ ಹೋಗಲಿ ಬಿಡಿ. ಈಗಾಗಲೇ ಮದುವೆಯಾಗಿ ಹೇಳಲು ಹೆದರುತ್ತಿರುವ ತಂಗಿಯರಿಗೆ ನನ್ನ ಸಲಹೆ, ಮೊದಲು ಗಂಡನಿಗೆ ಹೇಳಿ. ಆಮೇಲೆ ಅತ್ತೆಗೆ ಅವರೇ ಹೇಳಲಿ.

ಮದುವೆಯ ದಿನದ್ದು ಬೇರೆ ಪಾಡು. ಹಿಂದಿನ ರಾತ್ರಿ ರಿಸೆಪ್ಷನ್, ಬೆಳಗಿನ ಜಾವ ಮುಹೂರ್ತ, ನಡುವೆ ಸಿಗುವ ಎರಡು ಮೂರು ಗಂಟೆ ನಿದ್ದೆಗೆ ಲೆನ್ಸ್ ಯಾರು ತೆಗೆಯುತ್ತಾರೆ ಅಂತ ಮೇಕಪ್ ಸಮೇತ ಮಲಗುತ್ತಾರೆ. ದಿನಕ್ಕೊಂದು ಎಸೆಯುವ ಲೆನ್ಸ್ ಎರಡು ಜೊತೆ ಇಟ್ಟುಕೊಳ್ಳಿ, ರಾತ್ರಿಯದನ್ನು ತೆಗೆದು ಎಸೆಯಿರಿ, ಬೆಳಗ್ಗೆ ಹೊಸದು ಹಾಕಿ. ಮೇಕಪ್‌ಗೆ ಮೊದಲು ಲೆನ್ಸ್ ಹಾಕಬೇಕು, ಮೇಕಪ್ ಒರೆಸುವ ಮೊದಲು ಲೆನ್ಸ್ ತೆಗೆಯಬೇಕು. ಬಣ್ಣದ ಲೆನ್ಸ್ ನಂಬರ್ ಇಲ್ಲದಿದ್ದರೂ ಲೆನ್ಸೇ. ಒಬ್ಬರು ಹಾಕಿ ತೆಗೆದದ್ದನ್ನು ಇನ್ನೊಬ್ಬರು ಹಾಕುವುದಂತೂ ಬೇಡವೇ ಬೇಡ, ಯಾರೇ ಕೊಟ್ಟರೂ.

ರಾತ್ರಿ ಬಸ್ಸಾದರೆ ಮನೆ ಬಿಡುವ ಮೊದಲೇ ತೆಗೆಯಿರಿ. ಬಸ್ಸಲ್ಲಿ ಕೈ ತೊಳೆಯಲು ಆಗುವುದಿಲ್ಲ, ಹೈವೇ ಡಾಬಾದ ನಲ್ಲಿಯಲ್ಲಿ ತೊಳೆದು ಕುಲುಕಾಟದಲ್ಲಿ ತೆಗೆಯುವುದು ಇನ್ನೂ ಕಷ್ಟ. ಬ್ಯಾಗಿನಲ್ಲಿ ಕನ್ನಡಕ, ಡಬ್ಬಿ, ಕಂಪನಿಯದೇ ಸಣ್ಣ ಬಾಟಲಿ ಸೊಲ್ಯೂಷನ್ ಇರಲಿ. ದೊಡ್ಡ ಬಾಟಲಿಯಿಂದ ಬೇರೆ ಶೀಶೆಗೆ ಬಗ್ಗಿಸಿಕೊಳ್ಳಬೇಡಿ. ಹಾಸ್ಟೆಲ್ ಮಕ್ಕಳು ಓದಲು ಕೂರುವ ಮೊದಲೇ ಲೆನ್ಸ್ ತೆಗೆದು ಕನ್ನಡಕಕ್ಕೆ ಬದಲಾಯಿಸಿ, ನಿದ್ದೆ ಯಾವಾಗ ಬಂದರೂ ಚಿಂತೆ ಇರುವುದಿಲ್ಲ.

ಸಂಜೆ ಮಂಡಕ್ಕಿ ಮಿರ್ಚಿ ತಿಂದಿದ್ದೀರಾ? ಒಂದು ಸಲ ತೊಳೆದರೆ ಬೆರಳಿನ ಖಾರ ಹೋಗುವುದಿಲ್ಲ. ಆ ಕೈಯಲ್ಲಿ ತೆಗೆಯಲು ಹೋಗಿ, ಉರಿ ಹತ್ತಿ, ಇರಲಿ ಬಿಡು ಅಂತ ಹಾಗೇ ಮಲಗಿದವರಿದ್ದಾರೆ. ಮಿರ್ಚಿಗೆ ಕೂರುವ ಮೊದಲೇ ಲೆನ್ಸ್ ತೆಗೆದುಬಿಡಿ. ಮರೆತಿದ್ದರೆ ಬೆರಳಿಗೆ ಸ್ವಲ್ಪ ಅಡುಗೆ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಎಣ್ಣೆ ಜಿಡ್ಡು ಒಂಚೂರೂ ಉಳಿಯಬಾರದು.

ಡಬ್ಬಿಯ ಸೊಲ್ಯೂಷನ್ ದಿನಾ ಚೆಲ್ಲಿ ಹೊಸದು ತುಂಬಿ, ಹಳೆಯದರ ಮೇಲೇ ಸುರಿಯಬೇಡಿ. ಡಬ್ಬಿಯನ್ನು ಸೊಲ್ಯೂಷನ್‌ನಲ್ಲೇ ತೊಳೆದು ಮುಚ್ಚಳ ತೆಗೆದು ಬೋರಲು ಹಾಕಿ ಒಣಗಿಸಿ, ಮೂರು ತಿಂಗಳಿಗೊಮ್ಮೆ ಬದಲಾಯಿಸಿ. ಸಲೈನ್ ಬೇರೆ, ಸೊಲ್ಯೂಷನ್ ಬೇರೆ. ಸಲೈನ್ ಅಂದರೆ ಬರೀ ಉಪ್ಪಿನ ದ್ರಾವಣ, ಅದು ಕ್ರಿಮಿ ಕೊಲ್ಲುವುದಿಲ್ಲ.

ಸೋಂಕಾಗಿ ವಾಸಿಯಾದವರು ಮತ್ತೆ ಲೆನ್ಸ್ ಶುರು ಮಾಡುವುದು ಡಾಕ್ಟರ್ ಹೇಳಿದ ಮೇಲೆಯೇ. ನೋವು ಹೋಯಿತು ಅನ್ನುವುದು ಲೆಕ್ಕಕ್ಕಿಲ್ಲ, ಮೈಕ್ರೋಸ್ಕೋಪಿನಲ್ಲಿ ನೋಡಿ ಅವರು ಸರಿ ಅನ್ನಬೇಕು. ಅಷ್ಟರಲ್ಲಿ ನಂಬರ್ ಬದಲಾಗಿರಬಹುದು, ಮತ್ತೆ ಅಳತೆ ಮಾಡಿಸಿ. ಹಳೇ ಲೆನ್ಸ್, ಹಳೇ ಡಬ್ಬಿ, ಅರ್ಧ ಉಳಿದ ಸೊಲ್ಯೂಷನ್, ಆ ದಿನಗಳಲ್ಲಿ ಬಳಸಿದ ಕಾಡಿಗೆ, ಐಲೈನರ್ ಎಲ್ಲ ಕಸಕ್ಕೆ ಹಾಕಿ. ದುಡ್ಡು ಹೊಂದಿದರೆ ದಿನದ ಲೆನ್ಸಿಗೆ ಬದಲಾಯಿಸಿ, ಡಬ್ಬಿಯ ತಲೆನೋವೇ ಇರುವುದಿಲ್ಲ.